ರೈತರ ಮೊಬೈಲ್ ಗುಂಪು: ಸಂದೇಶವು ಜ್ಞಾನವಾಗುವ ಬಗೆ

ಆಗಸ್ಟ್ ತಿಂಗಳ ಕೊನೆಯ ವಾರ. ಖಾನಾಪುರ ತಾಲ್ಲೂಕಿನ ಗದ್ದೆಯೊಂದರಲ್ಲಿ ಭತ್ತದ ಎಲೆಗಳು ತುದಿಯಿಂದ ಹಳದಿಯಾಗಿ ಒಣಗತೊಡಗಿವೆ ಎಂದು ಭಾವಿಸೋಣ. ರೈತರು ಚಿತ್ರ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುತ್ತಾರೆ. ಐದು ನಿಮಿಷದೊಳಗೆ ಒಬ್ಬರು ‘ಇದು ಕರಪಾ’ ಎಂದು ಬರೆದು, ಒಂದು ಔಷಧಿಯ ಹೆಸರನ್ನೂ ಸೂಚಿಸುತ್ತಾರೆ. ಹತ್ತಾರು ಜನ ಹೆಬ್ಬೆರಳಿನ ಚಿಹ್ನೆ ಹಾಕುತ್ತಾರೆ. ಸಂಜೆಯೊಳಗೆ ಔಷಧಿ ಮನೆಗೆ ಬಂದಿರುತ್ತದೆ. ಎಲೆ ಹಳದಿಯಾಗಿದೆಯೆಂದು ಅದರ ಜೊತೆಗೆ ಒಂದು ಚೀಲ ಯೂರಿಯಾ ಕೂಡ.

ಗಡಿಭಾಗದ ಮರಾಠಿಯಲ್ಲಿ ಭತ್ತದ ಬೆಂಕಿ ರೋಗಕ್ಕೆ ‘ಕರಪಾ’ ಎಂಬ ಹೆಸರಿದೆ. ದುಂಡಾಣು ಎಲೆ ಅಂಗಮಾರಿ ರೋಗಕ್ಕೆ ‘ಕಡಾ ಕರಪಾ’ ಎನ್ನುತ್ತಾರೆ. ಅವಸರದಲ್ಲಿ ಮೊದಲ ಪದ ಬಿಟ್ಟುಹೋದರೆ ಎರಡು ಬೇರೆ ಬೇರೆ ರೋಗಗಳು ಒಂದೇ ಆಗಿಬಿಡುತ್ತವೆ. ಬೆಂಕಿ ರೋಗವು ಶಿಲೀಂಧ್ರದಿಂದ ಬರುವಂಥದ್ದು. ಟ್ರೈಸೈಕ್ಲಜೋಲ್ ಅದನ್ನು ತಡೆಯುತ್ತದೆ. ಅಂಗಮಾರಿಗೆ ಕಾರಣವಾದ ದುಂಡಾಣುವಿನ ಮೇಲೆ ಅದೇ ಔಷಧಿಯು ಯಾವ ಪರಿಣಾಮವನ್ನೂ ಬೀರದು. ಮೇಲಾಗಿ ಹೆಚ್ಚುವರಿ ಸಾರಜನಕ ದೊರೆತರೆ ಎರಡೂ ರೋಗಗಳು ಉಲ್ಬಣಗೊಳ್ಳುತ್ತವೆ. ಹೀಗೆ ಔಷಧಿಯ ಹಣ ವ್ಯರ್ಥವಾಗಿ, ಯೂರಿಯಾದ ಹಣ ರೋಗಕ್ಕೆ ಪೋಷಣೆಯಾಗುತ್ತದೆ. ಗುಂಪಿನಲ್ಲಿ ಇನ್ನೂರು ಜನರಿದ್ದರೂ ಒಬ್ಬರ ಊಹೆಯೇ ಇನ್ನೂರು ಜನರ ತೀರ್ಮಾನವಾಗಿರುತ್ತದೆ.

ಜನರು ಕೂಡಿ ಕಲಿಯುವಾಗ ಏನಾಗುತ್ತದೆ, ಕಂಪ್ಯೂಟರ್ ಮತ್ತು ದೂರವಾಣಿಗಳ ಮೂಲಕ ಕಲಿತಾಗ ಏನು ಬದಲಾಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಹಲವು ದಶಕಗಳಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಆ ಅಧ್ಯಯನಗಳಲ್ಲಿ ಹೆಚ್ಚಿನವು ಶಾಲೆ, ಕಾಲೇಜುಗಳಲ್ಲಿ ನಡೆದವು. ಆದರೂ ಅವುಗಳ ಫಲಿತಾಂಶಗಳು ಗದ್ದೆಯ ಬದುವಿಗೂ ಅನ್ವಯಿಸುತ್ತವೆ. ಕೆಲವು ಪ್ರಯೋಗಗಳಂತೂ ನೇರವಾಗಿ ರೈತರೊಡನೆಯೇ, ಅದರಲ್ಲೂ ಒಂದು ನಮ್ಮ ಕರ್ನಾಟಕದಲ್ಲಿಯೇ ನಡೆದಿದೆ.

ಒಬ್ಬರಲ್ಲೇ ಉಳಿದುಬಿಡುವ ಮಾಹಿತಿ

ಅಮೆರಿಕದ ಮನೋವಿಜ್ಞಾನಿಗಳಾದ ಸ್ಟ್ಯಾಸರ್ ಮತ್ತು ಟೈಟಸ್ ಅವರು 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಬಹು ಮುಖ್ಯವಾದುದು. ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪುಗಳನ್ನು ಮಾಡಿ, ಮೂವರು ಅಭ್ಯರ್ಥಿಗಳ ಪೈಕಿ ಉತ್ತಮರನ್ನು ಆರಿಸಲು ಹೇಳಲಾಯಿತು. ಕೆಲವು ಗುಂಪುಗಳಲ್ಲಿ ಎಲ್ಲ ಸದಸ್ಯರಿಗೂ ಎಲ್ಲ ಮಾಹಿತಿ ನೀಡಲಾಗಿತ್ತು. ಅಂಥ ಗುಂಪುಗಳಲ್ಲಿ ಬಹುಪಾಲು ಸರಿಯಾದ ಅಭ್ಯರ್ಥಿಯನ್ನೇ ಆರಿಸಿದವು. ಉಳಿದ ಗುಂಪುಗಳಲ್ಲಿ ಅದೇ ಮಾಹಿತಿಯನ್ನು ಹಂಚಿ ಕೊಡಲಾಗಿತ್ತು: ಕೆಲವು ಅಂಶಗಳು ಎಲ್ಲರಿಗೂ ಗೊತ್ತು, ಕೆಲವು ಒಬ್ಬೊಬ್ಬರಿಗೆ ಮಾತ್ರ ಗೊತ್ತು. ನಾಲ್ವರೂ ತಮ್ಮಲ್ಲಿದ್ದುದನ್ನು ಹೇಳಿಕೊಂಡಿದ್ದರೆ ಚಿತ್ರ ಪೂರ್ಣವಾಗುತ್ತಿತ್ತು. ಆದರೆ ಅವರು ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿಗಳನ್ನೇ ಮತ್ತೆ ಮತ್ತೆ ಚರ್ಚಿಸಿದರು. ಒಬ್ಬರಿಗೆ ಮಾತ್ರ ಗೊತ್ತಿದ್ದ ಅಂಶ ಮಾತಿಗೆ ಬರಲಿಲ್ಲ, ಬಂದರೂ ನಿಲ್ಲಲಿಲ್ಲ. ಇಂಥ ಗುಂಪುಗಳಲ್ಲಿ ನಾಲ್ಕನೇ ಒಂದು ಭಾಗವೂ ಸರಿಯಾದ ಆಯ್ಕೆ ಮಾಡಲಿಲ್ಲ.

ಈಗ ಮೇಲಿನ ಗದ್ದೆಗೆ ಮರಳಿ ಬನ್ನಿ. ಎಲೆ ಹಳದಿಯಾಗಿದೆ ಎಂಬುದು ಚಿತ್ರ ನೋಡಿದ ಎಲ್ಲರಿಗೂ ಗೊತ್ತು. ಹಿಂದಿನ ವಾರ ಬಿರುಗಾಳಿಯೊಡನೆ ಮಳೆ ಬಿದ್ದು ಎಲೆಗಳು ಒಂದಕ್ಕೊಂದು ಉಜ್ಜಿಕೊಂಡವು ಎಂಬುದು ಗದ್ದೆಯಲ್ಲಿದ್ದವರಿಗೆ ಗೊತ್ತು. ಮೇಲಿನ ಗದ್ದೆಯಲ್ಲಿ ಇದೇ ಲಕ್ಷಣ ಹದಿನೈದು ದಿನ ಮೊದಲೇ ಕಂಡಿತ್ತು, ಅಲ್ಲಿಯ ನೀರು ಇಲ್ಲಿಗೇ ಹರಿಯುತ್ತದೆ ಎಂಬುದು ನೆರೆಯವರಿಗೆ ಗೊತ್ತು. ಮೇಲುಗೊಬ್ಬರವಾಗಿ ಎಷ್ಟು ಯೂರಿಯಾ ಕೊಡಲಾಯಿತು ಎಂಬುದು ಎರಚಿದವರಿಗೆ ಗೊತ್ತು. ಒಣಗುವಿಕೆ ಎಲೆಯ ಅಂಚಿನಗುಂಟ ಅಲೆಯಂತೆ ಇಳಿದಿದೆಯೋ ಅಥವಾ ಎಲೆಯ ನಡುವೆ ಬೂದು ಬಣ್ಣದ ಒಡಲಿನ, ಎರಡೂ ತುದಿ ಚೂಪಾದ ಕದಿರಿನಾಕಾರದ ಚುಕ್ಕೆಗಳಿವೆಯೋ ಎಂಬುದನ್ನು ಬಗ್ಗಿ ನೋಡಿದವರು ಕಳೆ ಕೀಳುತ್ತಿದ್ದ ಮಹಿಳೆಯರು. ಈ ಐದು ಸಂಗತಿಗಳು ಒಂದೆಡೆ ಸೇರಿದರೆ ರೋಗ ಯಾವುದೆಂದು ಹೇಳುವುದು ಅಷ್ಟೇನೂ ಕಷ್ಟವಲ್ಲ. ಅಂಚಿನಿಂದ ಒಣಗಿದ್ದರೆ ಅಂಗಮಾರಿ, ಕದಿರಿನಾಕಾರದ ಚುಕ್ಕೆಯಿದ್ದರೆ ಬೆಂಕಿ ರೋಗ ಎಂಬ ಅನುಮಾನ ಬಲವಾಗುತ್ತದೆ. ಸಂಶಯ ಉಳಿದರೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹಸಿರು ಮತ್ತು ಹಳದಿ ಕೂಡುವ ಜಾಗದಲ್ಲಿ ಎಲೆಯ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ಬೆಳಕಿಗೆ ಹಿಡಿದಾಗ, ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣುವಿನ ಗುರುತು.

ಆದರೆ ಈ ಐವರಲ್ಲಿ ಗುಂಪಿನ ಸದಸ್ಯರೆಷ್ಟು? ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಊರುಗಳಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಬೆಳಗಾವಿಯ ರಾಮತೀರ್ಥ ನಗರದಂಥ ಬಡಾವಣೆಯಲ್ಲಿ ಮನೆ ಮಾಡಿಕೊಂಡು, ವಾರಕ್ಕೊಮ್ಮೆ ಊರಿಗೆ ಹೋಗಿ ಗದ್ದೆ ನೋಡಿಕೊಳ್ಳುವವರಿಗೆ ದಿನವಿಡೀ ಸಂಪರ್ಕವಿರುತ್ತದೆ. ಆದ್ದರಿಂದ ಬೇಗ ಉತ್ತರ ಕೊಡುವವರು ಅನೇಕ ವೇಳೆ ಗದ್ದೆಯಿಂದ ಬಹಳ ದೂರ ಇರುವವರೇ. ಮನೆಯ ಮೊಬೈಲ್ ಗಂಡಸರ ಜೇಬಿನಲ್ಲಿದ್ದರೆ ನಾಟಿ ಮಾಡುವ, ಕಳೆ ಕೀಳುವ ಕಣ್ಣುಗಳು ಕಂಡದ್ದು ಗುಂಪಿಗೆ ತಲುಪುವುದೇ ಇಲ್ಲ. ಕನ್ನಡ, ಮರಾಠಿ, ಕೊಂಕಣಿ ಮೂರೂ ಆಡುವ ತಾಲ್ಲೂಕಿನಲ್ಲಿ ಬರೆಯುವ ಭಾಷೆ ಯಾವುದೆಂಬುದು ಕೂಡ ಯಾರು ಮೌನವಾಗಿರುತ್ತಾರೆ ಎಂಬುದನ್ನು ನಿರ್ಧರಿಸುತ್ತದೆ. ಧ್ವನಿ ಸಂದೇಶಕ್ಕೆ ಅವಕಾಶ ಕೊಟ್ಟರೆ ಈ ಅಡ್ಡಿ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಇದಕ್ಕೆ ಪರಿಹಾರವನ್ನೂ ಅದೇ ಸಂಶೋಧಕರು ಹುಡುಕಿದರು. 1995ರಲ್ಲಿ ಸ್ಟ್ಯಾಸರ್ ಮತ್ತು ಸಂಗಡಿಗರು ತೋರಿಸಿದಂತೆ, ಯಾರಿಗೆ ಯಾವ ವಿಷಯದಲ್ಲಿ ಹೆಚ್ಚು ತಿಳಿವಳಿಕೆಯಿದೆ ಎಂಬುದನ್ನು ಮೊದಲೇ ಎಲ್ಲರ ಮುಂದೆ ಹೇಳಿಟ್ಟರೆ ಒಬ್ಬರಲ್ಲಿ ಮಾತ್ರ ಇರುವ ಮಾಹಿತಿ ಚರ್ಚೆಗೆ ಹೆಚ್ಚಾಗಿ ಬರುತ್ತದೆ. ಆದ್ದರಿಂದ ನಿಮ್ಮ ಗುಂಪಿನ ವಿವರಣೆಯಲ್ಲಿ ‘ಬೀಜ ಮತ್ತು ತಳಿಗೆ ಇವರು, ನೀರಿನ ಹರಿವಿಗೆ ಇವರು, ಗೆಣಸು–ಆಲೂಗಡ್ಡೆಗೆ ಇವರು, ಜಾನುವಾರಿಗೆ ಇವರು’ ಎಂದು ಬರೆದಿಡಿ. ಪ್ರಶ್ನೆ ಬಂದಾಗ ಗುಂಪಿಗೆಲ್ಲ ಕೇಳುವ ಬದಲು ಅವರ ಹೆಸರು ಹಿಡಿದು ಕೇಳಿ.

ಹಗ್ಗ ಜಗ್ಗಿದ ಕೃಷಿ ಎಂಜಿನಿಯರ್

ಗುಂಪು ದೊಡ್ಡದಾದಷ್ಟೂ ಕೆಲಸ ಹೆಚ್ಚಾಗುತ್ತದೆ ಎಂಬ ನಂಬಿಕೆಯನ್ನು ಮೊದಲು ಅಳೆದು ನೋಡಿದವರು ಮನೋವಿಜ್ಞಾನಿಯಲ್ಲ, ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ಜನರಿಂದ ಹಗ್ಗ ಜಗ್ಗಿಸಿ ಬಲವನ್ನು ಅಳೆದರು. ಫಲಿತಾಂಶ 1913ರಲ್ಲಿ ಪ್ರಕಟವಾಯಿತು. ಎಂಟು ಜನ ಕೂಡಿ ಜಗ್ಗಿದಾಗ ತಲಾ ಬಲವು ಒಬ್ಬರೇ ಜಗ್ಗಿದಾಗಿನ ಬಲದ ಸುಮಾರು ಅರ್ಧಕ್ಕೆ ಇಳಿದಿತ್ತು. ಒಂದೇ ಹೊತ್ತಿಗೆ ಜಗ್ಗಲಾಗದಿದ್ದುದೂ ಒಂದು ಕಾರಣ. ಆದರೆ ಅಮೆರಿಕದ ಲಟಾನೆ ಮತ್ತು ಸಂಗಡಿಗರು 1979ರಲ್ಲಿ ಚಪ್ಪಾಳೆ ಮತ್ತು ಕೂಗಿನ ಪ್ರಯೋಗಗಳ ಮೂಲಕ ಇನ್ನೊಂದು ಕಾರಣವನ್ನು ಖಚಿತಪಡಿಸಿದರು. ‘ಹೇಗೂ ಉಳಿದವರಿದ್ದಾರೆ’ ಎಂದು ಪ್ರತಿಯೊಬ್ಬರೂ ಸ್ವಲ್ಪ ಸಡಿಲ ಬಿಡುತ್ತಾರೆ. ಪ್ರತಿಯೊಬ್ಬರ ಪಾಲು ಬೇರೆಯಾಗಿ ಗುರುತಿಸಲ್ಪಡುತ್ತದೆ ಎಂದು ತಿಳಿದಾಗ ಈ ಸಡಿಲಿಕೆ ಮಾಯವಾಗುತ್ತದೆ ಎಂಬುದನ್ನೂ ಅವರೇ ಮುಂದೆ ತೋರಿಸಿದರು.

ಇನ್ನೂರು ಜನರ ಗುಂಪಿನಲ್ಲಿ ‘ಯಾರಾದರೂ ಹೇಳಿ’ ಎಂಬ ಪ್ರಶ್ನೆಗೆ ಉತ್ತರ ಬಾರದಿರುವುದು ಇದಕ್ಕಾಗಿಯೇ. ವಿಸ್ತರಣಾ ಕಾರ್ಯಕರ್ತರು ಸದಸ್ಯರ ಸಂಖ್ಯೆಯನ್ನು ಸಾಧನೆಯೆಂದು ವರದಿಯಲ್ಲಿ ತೋರಿಸುವ ಮೊದಲು ಇದನ್ನು ನೆನೆಯಬೇಕು. ಊರಿನ ದೊಡ್ಡ ಗುಂಪು ಹವಾಮಾನ ಮತ್ತು ಮಾರುಕಟ್ಟೆ ಸೂಚನೆಗೆ ಇರಲಿ. ಬೆಳೆಯ ವಿಚಾರಕ್ಕೆ ಎಂಟು–ಹತ್ತು ಜನರ ಸಣ್ಣ ಗುಂಪು, ಅದರಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ಗದ್ದೆಯ ಅವಲೋಕನ ಎಂದು ಹಂಚಿಕೊಳ್ಳುವುದು ಒಳಿತು.

ಯಾರ ಧ್ವನಿಗೆ ರೈತರು ಕಿವಿಗೊಡುತ್ತಾರೆ?

ಗುಜರಾತಿನಲ್ಲಿ ರೈತರಿಗಾಗಿ ದೂರವಾಣಿಯ ಧ್ವನಿ ಸೇವೆಯೊಂದನ್ನು ನಡೆಸುತ್ತಿದ್ದ ನೀಲ್ ಪಟೇಲ್ ಮತ್ತು ಸಂಗಡಿಗರು 2012ರಲ್ಲಿ ಒಂದು ಕುತೂಹಲಕರ ಪ್ರಯೋಗವನ್ನು ವರದಿ ಮಾಡಿದರು. ಏಳು ಕೃಷಿ ಸಲಹೆಗಳನ್ನು ಇಬ್ಬರು ವಿಶ್ವವಿದ್ಯಾಲಯದ ವಿಜ್ಞಾನಿಗಳ ಮತ್ತು ಇಬ್ಬರು ರೈತರ ಧ್ವನಿಯಲ್ಲಿ ಮುದ್ರಿಸಿಕೊಳ್ಳಲಾಯಿತು. 305 ರೈತರಿಗೆ ಎರಡು ವಾರಗಳ ಅವಧಿಯಲ್ಲಿ ಸಲಹೆಯ ಮೊದಲ ತುಣುಕನ್ನು ಕೇಳಿಸಿ, ಪೂರ್ತಿ ಕೇಳಬೇಕಾದರೆ ಒಂದು ಸಂಖ್ಯೆಗೆ ಕರೆ ಮಾಡಲು ತಿಳಿಸಲಾಯಿತು. ಸಂದರ್ಶನದಲ್ಲಿ ಕೇಳಿದಾಗ ಹೆಚ್ಚಿನವರು ‘ವಿಜ್ಞಾನಿಗಳಿಂದ ಮಾಹಿತಿ ಪಡೆಯುವುದೇ ನಮಗೆ ಇಷ್ಟ’ ಎಂದರು. ಆದರೆ ಕರೆಗಳ ಲೆಕ್ಕ ಬೇರೆಯದನ್ನೇ ಹೇಳಿತು. ತುಣುಕು ರೈತರ ಧ್ವನಿಯಲ್ಲಿದ್ದಾಗ ಮರಳಿ ಕರೆ ಮಾಡಿದವರು ಗಣನೀಯವಾಗಿ ಹೆಚ್ಚು.

ವಿಜ್ಞಾನಿಗಳಿಗೆ ಇದು ಸ್ವಲ್ಪ ಕಹಿಯಾದ ಫಲಿತಾಂಶವೇ ಸರಿ. ಸಲಹೆ ಎರಡೂ ಧ್ವನಿಯಲ್ಲಿ ಒಂದೇ ಆಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ರೈತರು ಹೇಳಿದ್ದೆಲ್ಲ ಸರಿ ಎಂದು ಈ ಪ್ರಯೋಗ ಹೇಳುವುದಿಲ್ಲ. ಪರಿಶೀಲಿಸಿದ ಮಾಹಿತಿ ತನ್ನಂಥವರ ಬಾಯಿಂದ ಬಂದರೆ ಕಿವಿ ಬೇಗ ತೆರೆಯುತ್ತದೆ ಎಂದಷ್ಟೇ ಹೇಳುತ್ತದೆ. ತಪ್ಪು ಸಲಹೆಯೂ ಅಷ್ಟೇ ಬೇಗ ಒಳಗೆ ಹೋಗುತ್ತದೆ ಎಂಬುದು ಇದರ ಇನ್ನೊಂದು ಮುಖ.

ಕರ್ನಾಟಕದ ಅನುಭವವೂ ಇದಕ್ಕೆ ಪೂರಕವಾಗಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಅವರು 2006ರಲ್ಲಿ ಆರಂಭಿಸಿದ ‘ಡಿಜಿಟಲ್ ಗ್ರೀನ್’ ಯೋಜನೆಯು ಗ್ರೀನ್ ಫೌಂಡೇಶನ್ ಸಂಸ್ಥೆಯ ಜೊತೆಗೂಡಿ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಪ್ರಯೋಗ ನಡೆಸಿತು. ಸ್ಥಳೀಯ ರೈತರೇ ತಮ್ಮ ಹೊಲದಲ್ಲಿ ಒಂದು ಪದ್ಧತಿಯನ್ನು ಮಾಡಿ ತೋರಿಸುವುದನ್ನು ಚಿತ್ರೀಕರಿಸಿ, ಅದನ್ನು ಊರಿನಲ್ಲಿ ಸಣ್ಣ ಗುಂಪುಗಳಿಗೆ ಟಿ.ವಿ.ಯಲ್ಲಿ ತೋರಿಸಲಾಗುತ್ತಿತ್ತು. ಅದೇ ಊರಿನ ಒಬ್ಬ ನಿರೂಪಕರು ವಿಡಿಯೊವನ್ನು ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ, ಉತ್ತರ ಪಡೆದು ಮುಂದುವರಿಸುತ್ತಿದ್ದರು. 13 ತಿಂಗಳು, 16 ಹಳ್ಳಿ, 1,470 ಕುಟುಂಬಗಳನ್ನು ಒಳಗೊಂಡ ಈ ಅಧ್ಯಯನದಲ್ಲಿ 8 ಹಳ್ಳಿಗಳಲ್ಲಿ ಹೊಸ ಕ್ರಮವೂ 8 ಹಳ್ಳಿಗಳಲ್ಲಿ ಎಂದಿನ ವಿಸ್ತರಣಾ ಕ್ರಮವೂ ಇದ್ದವು. ಕೆಲವು ನಿರ್ದಿಷ್ಟ ಪದ್ಧತಿಗಳ ಅಳವಡಿಕೆಯು ಹೊಸ ಕ್ರಮದ ಹಳ್ಳಿಗಳಲ್ಲಿ ಆರರಿಂದ ಏಳು ಪಟ್ಟು ಹೆಚ್ಚಾಗಿತ್ತೆಂದು ಸಂಶೋಧಕರು ವರದಿ ಮಾಡಿದರು. ವಿಡಿಯೊ ನೋಡಿದ ರೈತರು ಮೊದಲು ಕೇಳುತ್ತಿದ್ದ ಪ್ರಶ್ನೆ ‘ಇವರು ಯಾರು, ಯಾವ ಊರಿನವರು?’ ಎಂಬುದು.

ಈ ಸಾಧನೆಯನ್ನು ವಿಡಿಯೊ ಒಂದರ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ನಡುವೆ ನಿಲ್ಲಿಸಿ ‘ಈಗ ಅವರು ಏಕೆ ಹೀಗೆ ಮಾಡಿದರು?’ ಎಂದು ಕೇಳುವ ವ್ಯಕ್ತಿ ಇದ್ದರೆಂಬುದು ನಮ್ಮ ದೃಷ್ಟಿಯಲ್ಲಿ ಅಷ್ಟೇ ಮುಖ್ಯ. ಗುಂಪಿಗೆ ಯೂಟ್ಯೂಬ್ ಕೊಂಡಿ ಕಳುಹಿಸಿ ಸುಮ್ಮನಾಗುವುದು ಆ ಕೆಲಸದ ಅರ್ಧವೂ ಅಲ್ಲ. ಕೃಷಿ ಸಖಿಯರು, ಆತ್ಮ ಯೋಜನೆಯ ಸಿಬ್ಬಂದಿ ಹಾಗೂ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳು ಐದು ನಿಮಿಷದ ವಿಡಿಯೊವನ್ನು ಇಪ್ಪತ್ತು ನಿಮಿಷ ತೆಗೆದುಕೊಂಡು ತೋರಿಸಿದರೆ ಅದು ಕಾಲಹರಣವಲ್ಲ.

ನನ್ನ ಅಂದಾಜು, ನನಗೆ ತಿಳಿಯಬೇಕಾದುದು

ಕೆನಡಾದ ಟೊರಾಂಟೊದಲ್ಲಿ ಮಾರ್ಲಿನ್ ಸ್ಕಾರ್ಡಮೇಲಿಯ ಮತ್ತು ಕಾರ್ಲ್ ಬರೈಟರ್ ಎಂಬ ಇಬ್ಬರು ಸಂಶೋಧಕರು 1980ರ ದಶಕದಲ್ಲಿ ಶಾಲಾ ಮಕ್ಕಳಿಗಾಗಿ ಒಂದು ಕಂಪ್ಯೂಟರ್ ವ್ಯವಸ್ಥೆಯನ್ನು ರೂಪಿಸಿದರು. ತರಗತಿಯ ಎಲ್ಲರೂ ಒಂದೇ ಕಡೆ ತಮ್ಮ ಟಿಪ್ಪಣಿಗಳನ್ನು ಬರೆಯಬಹುದು, ಇತರರ ಟಿಪ್ಪಣಿಗೆ ಸೇರಿಸಬಹುದು. ಬರೆಯುವಾಗ ‘ನನ್ನ ಸಿದ್ಧಾಂತ’, ‘ನನಗೆ ತಿಳಿಯಬೇಕಾದುದು’, ‘ಹೊಸ ಮಾಹಿತಿ’, ‘ಈ ಸಿದ್ಧಾಂತ ವಿವರಿಸಲಾಗದ್ದು’ ಮುಂತಾದ ಆರಂಭದ ನುಡಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಇದನ್ನು ಅವರು ‘ಜ್ಞಾನ ನಿರ್ಮಾಣ’ ಎಂದು ಕರೆದರು. ಅವರ ವಿಚಾರದಲ್ಲಿ, ಗುಂಪು ತನ್ನ ವಿವರಣೆಯನ್ನು ತಾನೇ ತಿದ್ದುತ್ತಾ ಉತ್ತಮಪಡಿಸುತ್ತಾ ಹೋದಾಗ ಮಾತ್ರ ಜ್ಞಾನ ಬೆಳೆಯುತ್ತದೆ.

ಖಾನಾಪುರದ ಭತ್ತದ ಗುಂಪಿಗೂ ಇದು ಸುಲಭವಾಗಿ ಒಗ್ಗುತ್ತದೆ. ಇದಕ್ಕೆ ಬೇರೆ ತಂತ್ರಾಂಶ ಬೇಕಿಲ್ಲ. ‘ಇದು ಕರಪಾ’ ಎಂದು ಬರೆಯುವ ಬದಲು ‘ನನ್ನ ಅಂದಾಜು: ಅಂಗಮಾರಿ, ಏಕೆಂದರೆ ಅಂಚಿನಿಂದ ಒಣಗಿದೆ’ ಎಂದು ಬರೆಯಿರಿ. ‘ಏಕೆಂದರೆ’ ಎಂಬ ಒಂದೇ ಪದ ಬಹಳ ಕೆಲಸ ಮಾಡುತ್ತದೆ. ಕಾರಣ ಕೊಡಲಾಗದವರು ಔಷಧಿಯ ಹೆಸರು ಹೇಳಲು ಹಿಂಜರಿಯುತ್ತಾರೆ. ಕಾರಣ ಕೊಟ್ಟವರನ್ನು ಇನ್ನೊಬ್ಬರು ಮರ್ಯಾದೆಗೆ ಕುಂದಿಲ್ಲದೆ ತಿದ್ದಬಹುದು. ‘ನನಗೆ ತಿಳಿಯಬೇಕಾದುದು: ಕಳೆದ ಹದಿನೈದು ದಿನಗಳಲ್ಲಿ ಎಷ್ಟು ಯೂರಿಯಾ ಕೊಟ್ಟಿದ್ದೀರಿ?’ ಎಂಬ ಪ್ರಶ್ನೆ ಹತ್ತು ಉತ್ತರಗಳಿಗಿಂತ ಹೆಚ್ಚು ಉಪಯುಕ್ತ.

ಇನ್ನೊಂದು ಎಚ್ಚರಿಕೆ ಅಗತ್ಯ. ಜರ್ಮನಿಯಲ್ಲಿ ಡೀಲ್ ಮತ್ತು ಸ್ಟ್ರೋಬೆ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನರು ಒಟ್ಟಿಗೆ ಕುಳಿತು ವಿಚಾರಗಳನ್ನು ಹೊರತರುವುದಕ್ಕಿಂತ ಮೊದಲು ಪ್ರತ್ಯೇಕವಾಗಿ ಯೋಚಿಸಿ ಬಳಿಕ ಕೂಡಿಸಿದರೆ ಹೆಚ್ಚು ವಿಚಾರಗಳು ಸಿಗುತ್ತವೆ. ಒಬ್ಬರು ಮಾತಾಡುವಾಗ ಉಳಿದವರು ಕಾಯುವುದೇ ಇದಕ್ಕೆ ಮುಖ್ಯ ಕಾರಣವೆಂದು ಅವರು ಕಂಡುಕೊಂಡರು. ಗುಂಪಿನ ಸಂಚಾಲಕರು ನಾಲ್ಕೈದು ಜನರಿಂದ ಖಾಸಗಿಯಾಗಿ ಧ್ವನಿ ಸಂದೇಶ ತರಿಸಿಕೊಂಡು ನಂತರ ಒಟ್ಟಿಗೆ ಗುಂಪಿಗೆ ಹಾಕಿದರೆ ಮೊದಲ ಉತ್ತರದ ಹಿಂದೆ ಎಲ್ಲರೂ ಓಡುವುದು ತಪ್ಪುತ್ತದೆ.

ಏನನ್ನು ನೋಡಬೇಕೆಂಬ ಒಪ್ಪಂದವೂ ಮೊದಲೇ ಆಗಿರಬೇಕು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮಹಾವಿದ್ಯಾಲಯದ ಕೀಟಶಾಸ್ತ್ರಜ್ಞರು ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳುವನ್ನು ದೇಶದಲ್ಲಿ ಮೊದಲಿಗೆ ಗುರುತಿಸಿದರು. ಅದನ್ನು ಬೇರೆ ಹುಳುಗಳಿಂದ ಬೇರ್ಪಡಿಸುವ ಗುರುತುಗಳು ಎರಡು: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದ ಆಕಾರ, ಹಿಂಭಾಗದ ಕೊನೆಯ ಖಂಡಕ್ಕಿಂತ ಮೊದಲಿನ ಖಂಡದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಇವೆರಡೂ ಕಾಣುವಂತೆ ತೆಗೆದ ಒಂದು ಚಿತ್ರವು, ತಿಂದ ಎಲೆಗಳ ಇಪ್ಪತ್ತು ಚಿತ್ರಗಳಿಗಿಂತ ಮೇಲು. ಭತ್ತಕ್ಕೂ ಹಾಗೆಯೇ: ಗದ್ದೆಯ ದೂರದ ನೋಟ ಒಂದು, ಒಂದೇ ಎಲೆಯ ಹತ್ತಿರದ ನೋಟ ಒಂದು, ಬುಡದ ನೋಟ ಒಂದು. ಈ ಮೂರಿಲ್ಲದೆ ಚಿತ್ರ ಹಾಕಬಾರದೆಂದು ಗುಂಪು ನಿಯಮ ಮಾಡಿಕೊಳ್ಳಲಿ.

ಮೊಬೈಲ್‌ನಲ್ಲಿದೆ, ಮನಸ್ಸಿನಲ್ಲಿಲ್ಲ

2011ರಲ್ಲಿ ಬೆಟ್ಸಿ ಸ್ಪ್ಯಾರೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಮಾಹಿತಿ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ ಎಂದು ನಂಬಿದವರು ಅದನ್ನು ಕಡಿಮೆ ನೆನಪಿಡುತ್ತಾರೆ ಎಂದು ಸೂಚಿಸಿತು. ಆ ಅಧ್ಯಯನದ ಒಂದು ಭಾಗವನ್ನು ಬಳಿಕ ಇತರರು ಪುನರಾವರ್ತಿಸಿದಾಗ ಅದೇ ಫಲಿತಾಂಶ ದೊರೆಯಲಿಲ್ಲ. ಆದ್ದರಿಂದ ಅದನ್ನು ಅಂತಿಮ ಮಾತೆಂದು ತಿಳಿಯಬೇಕಿಲ್ಲ. ಇದಕ್ಕಿಂತ ಗಟ್ಟಿಯಾದ ಫಲಿತಾಂಶವೆಂದರೆ ರೋಡಿಗರ್ ಮತ್ತು ಕಾರ್ಪಿಕೆ ಅವರದು, 2006ರದ್ದು. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಒಂದು ವಾರದ ನಂತರ ಹೆಚ್ಚು ಉಳಿಸಿಕೊಂಡಿದ್ದರು: ಶೇ 42ಕ್ಕೆ ಪ್ರತಿಯಾಗಿ ಶೇ 56. ತರಬೇತಿ ಮುಗಿದ ವಾರದ ಬಳಿಕ ಗುಂಪಿನಲ್ಲಿ ಅದೇ ಮಾಹಿತಿಯನ್ನು ಮತ್ತೆ ಕಳುಹಿಸುವುದಕ್ಕಿಂತ ‘ಬೆಂಕಿ ರೋಗಕ್ಕೂ ಅಂಗಮಾರಿಗೂ ಎಲೆಯ ಮೇಲೆ ಕಾಣುವ ವ್ಯತ್ಯಾಸವೇನು?’ ಎಂದು ಕೇಳುವುದು ಫಲಕಾರಿ.

ಗುಂಪಿನ ಸಂದೇಶಗಳು ಮೇಲೆ ಸರಿದು ಮರೆಯಾಗುತ್ತವೆ. ಮುಂದಿನ ಆಗಸ್ಟ್‌ನಲ್ಲಿ ಅದೇ ಪ್ರಶ್ನೆ, ಅದೇ ಮೊದಲ ಉತ್ತರ. ಹೀಗಾಗಿ ಸಂದೇಶಗಳ ಹೊರಗೆ ಒಂದು ಸ್ಥಿರವಾದ ಪುಟ ಇರಬೇಕು. ಜರ್ಮನಿಯ ಟ್ಯೂಬಿಂಗೆನ್‌ನ ಸಂಶೋಧಕರಾದ ಉಲ್ರಿಕೆ ಕ್ರೆಸ್ ಮತ್ತು ಯೋಆಖಿಮ್ ಕಿಮ್ಮರ್ಲೆ ಅವರು 2008ರಲ್ಲಿ ಮಂಡಿಸಿದ ವಿಚಾರವೂ ಇದೇ: ಎಲ್ಲರೂ ತಿದ್ದಬಹುದಾದ ಒಂದು ಬರಹದಲ್ಲಿರುವುದಕ್ಕೂ ತನ್ನ ಅನುಭವಕ್ಕೂ ವ್ಯತ್ಯಾಸ ಕಂಡಾಗ ವ್ಯಕ್ತಿಯೂ ಕಲಿಯುತ್ತಾನೆ, ಬರಹವೂ ಬೆಳೆಯುತ್ತದೆ. ಕನ್ನಡದ ರೈತರಿಗೆ ಇದು ಅಪರಿಚಿತವಾದ ದಾರಿಯಲ್ಲ. 1988ರಿಂದ ಪುತ್ತೂರಿನಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯು ‘ಕೃಷಿಕರ ಕೈಗೆ ಲೇಖನಿ’ ಎಂಬ ಆಶಯದೊಡನೆ, ಬೆಳೆಗಾರರೇ ತಮ್ಮ ಅನುಭವವನ್ನು ಬರೆಯುವಂತೆ ಮಾಡಿತು. ಆಗ ಅಂಚೆಯ ಮೂಲಕ ನಡೆದುದು ಈಗ ಮೊಬೈಲ್‌ನಲ್ಲಿ ನಡೆಯಬೇಕಾಗಿದೆ, ಅಷ್ಟೆ.

ನಿಮ್ಮ ಗುಂಪಿನ ಪುಟ ಒಂದು ನೋಟ್‌ಪುಸ್ತಕವಾದರೂ ಸಾಕು. ಪ್ರತಿ ಸಮಸ್ಯೆಗೂ ದಿನಾಂಕ, ತಳಿ, ಕೂರಿಗೆ ಬಿತ್ತನೆಯೋ ನಾಟಿಯೋ, ಕೊಟ್ಟ ಗೊಬ್ಬರ, ಕಂಡ ಲಕ್ಷಣ, ಗುಂಪಿನ ಅಂದಾಜು ಮತ್ತು ಕಾರಣ, ಕೈಗೊಂಡ ಕ್ರಮ ಇಷ್ಟನ್ನು ಬರೆಯಿರಿ. ರೋಗದ ಹೆಸರನ್ನು ಕನ್ನಡ, ಮರಾಠಿ ಎರಡರಲ್ಲಿಯೂ ಪೂರ್ತಿಯಾಗಿ ಬರೆಯಿರಿ. ಹದಿನೈದು ದಿನ ಬಿಟ್ಟು ಏನಾಯಿತು ಎಂಬ ಸಾಲನ್ನು ತುಂಬಲು ಮರೆಯಬೇಡಿ; ಅನೇಕ ಗುಂಪುಗಳಲ್ಲಿ ಖಾಲಿ ಉಳಿಯುವುದು ಈ ಸಾಲೇ. ಔಷಧಿ ಕೆಲಸ ಮಾಡಲಿಲ್ಲವೆಂದರೆ ಅದನ್ನೂ ಬರೆಯಿರಿ. ಬರೆಯುವ ಹೊಣೆಯನ್ನು ಪ್ರತಿ ತಿಂಗಳು ಒಬ್ಬರಿಗೆ ಸರದಿಯಂತೆ ಕೊಡಿ. ವಾರಕ್ಕೊಮ್ಮೆ ಊರಿಗೆ ಬರುವ ನಗರವಾಸಿ ಸದಸ್ಯರು ಪುಟದ ಚಿತ್ರ ತೆಗೆದು ಗುಂಪಿಗೆ ಹಾಕಬಹುದು.

ಅಂದಾಜು ಎರಡಾಗಿ ಒಡೆದರೆ ಸಿಂಪರಣೆಯನ್ನು ನಿಲ್ಲಿಸಿ, ಯೂರಿಯಾ ಕೊಡದೆ, ಗದ್ದೆಯಲ್ಲಿ ನಿಂತ ನೀರನ್ನು ಬಸಿಯಲು ಬಿಟ್ಟು, ರೋಗದ ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಈ ಪುಟದೊಡನೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬನ್ನಿ. ಬರಲಾಗದಿದ್ದಲ್ಲಿ ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ, ಪುಟದಲ್ಲಿ ಬರೆದುದನ್ನು ಓದಿ ಹೇಳಿ.